ಹಳೆಯ ಪುಸ್ತಕ, ಹೊಸ ರೂಟರ್: ವೈ-ಫೈ ವಿದ್ಯೆಯನ್ನು ಗ್ರಂಥಗಳಿಂದ ಕಲಿಯಬಹುದೇ?

ಬೆಂಗಳೂರು: ನಗರದ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಕಂಪ್ಯೂಟರ್ ಜಾಲಗಳ ಕುರಿತ ದಪ್ಪನೆಯ ಇಂಗ್ಲಿಷ್ ಗ್ರಂಥಗಳು ಕಡಿಮೆ ಬೆಲೆಗೆ ದೊರೆಯುವುದು ಹೊಸತೇನಲ್ಲ. ಅಂಥವುಗಳ ಪೈಕಿ ಒಂದು ಕಾಲದಲ್ಲಿ ಬಹಳ ಹೆಸರು ಮಾಡಿದ್ದು, ಮುಖಪುಟದಲ್ಲಿ ಬಾವಲಿಯ ರೇಖಾಚಿತ್ರವುಳ್ಳ '802.11 ವೈರ್‌ಲೆಸ್ ನೆಟ್‌ವರ್ಕ್ಸ್: ದಿ ಡೆಫಿನಿಟಿವ್ ಗೈಡ್'. ಲೇಖಕರು ಮ್ಯಾಥ್ಯೂ ಗ್ಯಾಸ್ಟ್, ಪ್ರಕಾಶಕರು ಅಮೆರಿಕದ ಓ'ರೈಲಿ ಸಂಸ್ಥೆ. ಮೊದಲ ಮುದ್ರಣ ಹೊರಬಂದದ್ದು 2002ರಲ್ಲಿ, ಪರಿಷ್ಕೃತ ಎರಡನೆಯ ಮುದ್ರಣ 2005ರಲ್ಲಿ. ಕತ್ತಲಲ್ಲಿ ಅಲೆಗಳನ್ನು ಹೊಮ್ಮಿಸಿ ದಾರಿ ಕಂಡುಕೊಳ್ಳುವ ಬಾವಲಿಗಿಂತ ತಕ್ಕ ಚಿತ್ರ ನಿಸ್ತಂತು ಜಾಲದ ಪುಸ್ತಕಕ್ಕೆ ಸಿಗುವುದು ಕಷ್ಟ.

ಈಗಿನ ರೂಟರ್‌ಗಳ ಪೆಟ್ಟಿಗೆಯ ಮೇಲೆ ವೈ-ಫೈ 6, ವೈ-ಫೈ 7 ಎಂದು ಬರೆದಿರುತ್ತದೆ. ಇಪ್ಪತ್ತು ವರ್ಷ ದಾಟಿದ ಪುಸ್ತಕವನ್ನು ಕೊಂಡು ಓದಿದರೆ ಪ್ರಯೋಜನವುಂಟೇ ಎಂಬ ಪ್ರಶ್ನೆ ಸಹಜ. ಇದೆ, ಆದರೆ ಪೂರ್ತಿ ಅಲ್ಲ ಎಂಬುದು ಉತ್ತರ. ಪುಸ್ತಕದ ಒಂದು ಭಾಗ ಇಂದಿಗೂ ಅಕ್ಷರಶಃ ಸತ್ಯ. ಇನ್ನೊಂದು ಭಾಗ ಕೇವಲ ಹಳತಾಗಿಲ್ಲ, ಅಪಾಯಕಾರಿಯೂ ಆಗಿದೆ. ಯಾವುದು ಯಾವ ಭಾಗ ಎಂದು ಬಲ್ಲವರಿಗೆ ಆ ಪುಸ್ತಕ ಒಳ್ಳೆಯ ಗುರು. ಅರಿಯದವರಿಗೆ ಅದು ಮನೆಯ ಬಾಗಿಲಿಗೆ ಮುರುಕು ಬೀಗ ಹಾಕಿಕೊಡುವ ಬಡಗಿ.

ಇದು ಪುಸ್ತಕಪ್ರಿಯರ ಜಿಜ್ಞಾಸೆ ಮಾತ್ರವಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ನಡೆಯುವುದಕ್ಕೆ ಕೆಲವೇ ನಿಮಿಷ ಮೊದಲು ಮಾಧ್ಯಮ ಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಬಂದಿತ್ತು. ಅದರ ಜಾಡು ಹಿಡಿದು ಹೊರಟ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ನೆಲೆಸಿದ್ದ ಅಮೆರಿಕನ್ ಪ್ರಜೆಯೊಬ್ಬರ ಮನೆಯನ್ನು. ಅವರ ನಿಸ್ತಂತು ಜಾಲಕ್ಕೆ ಭದ್ರತೆಯೇ ಇರಲಿಲ್ಲ, ಅದನ್ನು ಹೊರಗಿನವರು ಬಳಸಿಕೊಂಡಿದ್ದರು. ಮರುವರ್ಷ, ಅಂದರೆ 2009ರ ಫೆಬ್ರುವರಿಯಲ್ಲಿ, ಕೇಂದ್ರ ದೂರಸಂಪರ್ಕ ಇಲಾಖೆಯು ವೈ-ಫೈ ಜಾಲಗಳ ಸುರಕ್ಷಿತ ಬಳಕೆಯ ಬಗ್ಗೆ ಅಂತರಜಾಲ ಸೇವಾ ಕಂಪೆನಿಗಳಿಗೆ ಸೂಚನೆಗಳನ್ನು ಹೊರಡಿಸಿತು. ರೂಟರ್ ಜೋಡಿಸುವ ವಿದ್ಯೆ ಅರೆಬರೆಯಾಗಿದ್ದರೆ ಮನೆಯವರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದೀತು ಎಂಬುದು ಅಂದು ದೇಶಕ್ಕೆಲ್ಲ ತಿಳಿಯಿತು.

ತಂತಿಯಿಲ್ಲದ ಮಾತು

'ನಿಸ್ತಂತು' ಎಂಬ ಪದ ಕನ್ನಡಿಗರಿಗೆ ಅಪರಿಚಿತವಲ್ಲ. ಪೊಲೀಸ್ ಇಲಾಖೆಯ ನಿಸ್ತಂತು ವಿಭಾಗದ ಹೆಸರನ್ನು ವರದಿಗಳಲ್ಲಿ ಓದುತ್ತಲೇ ಬಂದಿದ್ದೇವೆ. ಒಂದು ಮನೆ, ಕಚೇರಿ ಅಥವಾ ಕಾಲೇಜಿನ ಆವರಣದೊಳಗೆ ಕಂಪ್ಯೂಟರುಗಳನ್ನು ತಂತಿಯಿಲ್ಲದೆ ಬೆಸೆಯುವ ವ್ಯವಸ್ಥೆಯೇ ನಿಸ್ತಂತು ಸ್ಥಳೀಯ ಜಾಲ. ಅದರ ಮೊದಲ ಮಾನಕವನ್ನು ಐಇಇಇ ಎಂಬ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಅದರ ಸಂಖ್ಯೆ 802.11, ವೇಗ ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್. 1999ರಲ್ಲಿ 11 ಮೆಗಾಬಿಟ್ ವೇಗದ 'ಬಿ' ಮತ್ತು 54 ಮೆಗಾಬಿಟ್ ವೇಗದ 'ಎ', 2003ರಲ್ಲಿ 'ಜಿ', 2009ರಲ್ಲಿ 'ಎನ್', 2013ರಲ್ಲಿ 'ಎಸಿ', 2021ರಲ್ಲಿ 'ಎಎಕ್ಸ್' ಬಂದವು. ಈ ಅಕ್ಷರಮಾಲೆಯಿಂದ ಬೇಸತ್ತ ಗ್ರಾಹಕರಿಗಾಗಿ ವೈ-ಫೈ ಅಲಯನ್ಸ್ 2018ರಲ್ಲಿ 4, 5, 6 ಎಂಬ ಅಂಕಿಗಳನ್ನು ಜಾರಿಗೆ ತಂದಿತು.

ಇಲ್ಲೊಂದು ಮಾತು. ನಮ್ಮ ಪತ್ರಿಕೆಗಳು 'ತರಂಗಾಂತರ' ಎಂಬ ಒಂದೇ ಪದವನ್ನು ಎಲ್ಲದಕ್ಕೂ ಬಳಸಿ ಓದುಗರನ್ನು ಗೊಂದಲಕ್ಕೆ ತಳ್ಳಿವೆ. ಸೆಕೆಂಡಿಗೆ ಅಲೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದು 'ಆವೃತ್ತಿ', ಒಂದು ಅಲೆಯಿಂದ ಮುಂದಿನ ಅಲೆಗೆ ಇರುವ ಅಂತರ 'ತರಂಗದೂರ' ಎಂದು ನಮ್ಮ ಶಾಲಾ ವಿಜ್ಞಾನ ಪುಸ್ತಕಗಳು ಹೇಳಿಕೊಟ್ಟಿವೆ. 2.4 ಗಿಗಾಹರ್ಟ್ಸ್ ಆವೃತ್ತಿಯ ವೈ-ಫೈ ಅಲೆಯ ತರಂಗದೂರ ಸುಮಾರು 12.5 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗೇಣಿಗಿಂತ ಚಿಕ್ಕದು. 5 ಗಿಗಾಹರ್ಟ್ಸ್‌ನದು ಅದರ ಅರ್ಧ. ತಾಂತ್ರಿಕ ಗ್ರಂಥ ಓದಲು ಕುಳಿತವರು ಮೊದಲು ಈ ಎರಡನ್ನು ಬೇರ್ಪಡಿಸಿಕೊಳ್ಳಬೇಕು, ಇಲ್ಲವಾದರೆ ಮೂರನೆಯ ಪುಟದಲ್ಲೇ ದಾರಿ ತಪ್ಪುತ್ತದೆ.

ಮುಪ್ಪಾಗದ ಅಧ್ಯಾಯ

ಗ್ಯಾಸ್ಟ್ ಅವರ ಪುಸ್ತಕದ 3 ಮತ್ತು 4ನೇ ಅಧ್ಯಾಯಗಳು ಒಂದು ಸರಳ ಪ್ರಶ್ನೆಗೆ ಉತ್ತರಿಸುತ್ತವೆ: ಹತ್ತಾರು ಯಂತ್ರಗಳು ಒಂದೇ ಆವೃತ್ತಿಯಲ್ಲಿ ಮಾತಾಡಬೇಕಾದಾಗ ಯಾರು ಮೊದಲು ಮಾತಾಡಬೇಕು? ಕೈಪಿಡಿಗಳಲ್ಲಿ ಇದರ ಸುಳಿವೂ ಇರುವುದಿಲ್ಲ. ಆದರೆ ವೈ-ಫೈ ಏಕೆ ನಿಧಾನವಾಗುತ್ತದೆ ಎಂಬುದರ ಮುಕ್ಕಾಲು ಪಾಲು ಉತ್ತರ ಇಲ್ಲೇ ಇದೆ.

ತಂತಿಯ ಜಾಲದಲ್ಲಿ ಪ್ರತಿ ಕಂಪ್ಯೂಟರಿಗೂ ಪ್ರತ್ಯೇಕ ಹಾದಿಯಿರುತ್ತದೆ. ನಿಸ್ತಂತು ಜಾಲದ ಹಾದಿ ಎಲ್ಲರಿಗೂ ಒಂದೇ. ಒಂದೇ ವಾಹನ ಹೋಗಬಲ್ಲ ಹಳೆಯ ಸೇತುವೆಯನ್ನು ನೆನಪಿಸಿಕೊಳ್ಳಿ. ಎದುರಿನಿಂದ ಯಾರಾದರೂ ಬರುತ್ತಿದ್ದಾರೆಯೇ ಎಂದು ಚಾಲಕ ನೋಡುತ್ತಾನೆ, ಖಾಲಿಯಿದ್ದರೆ ದಾಟುತ್ತಾನೆ. ವೈ-ಫೈ ಯಂತ್ರವೂ ಮಾತಾಡುವ ಮುನ್ನ ಕಿವಿಗೊಡುತ್ತದೆ. ಮೌನವಿದ್ದರೂ ತಕ್ಷಣ ಬಾಯಿ ತೆರೆಯುವುದಿಲ್ಲ. 'ಬಿ' ಮಾನಕದಲ್ಲಿ 50 ಮೈಕ್ರೋಸೆಕೆಂಡು ಸುಮ್ಮನೆ ಕಾದು, ಆ ಬಳಿಕ ಚೀಟಿ ಎತ್ತಿದಂತೆ 0ರಿಂದ 31ರವರೆಗಿನ ಒಂದು ಸಂಖ್ಯೆಯನ್ನು ಆರಿಸಿ, ಅಷ್ಟು ಬಾರಿ ತಲಾ 20 ಮೈಕ್ರೋಸೆಕೆಂಡು ಕಾಯುತ್ತದೆ. ಎಲ್ಲರೂ ಒಂದೇ ಕ್ಷಣಕ್ಕೆ ಮುನ್ನುಗ್ಗದಿರಲಿ ಎಂದು ಈ ಚೀಟಿ. ಡಿಕ್ಕಿ ಸಂಭವಿಸಿದರೆ ಮುಂದಿನ ಬಾರಿ ಚೀಟಿಗಳ ಸಂಖ್ಯೆ ಇಮ್ಮಡಿಯಾಗುತ್ತದೆ, ಹೀಗೆ ಗರಿಷ್ಠ 1023ರವರೆಗೆ.

ಡಿಕ್ಕಿಯಾದದ್ದು ಗೊತ್ತಾಗುವುದು ಹೇಗೆ? ತಂತಿಯ ಮೇಲೆ ಅದನ್ನು ಆ ಕ್ಷಣದಲ್ಲೇ ಗುರುತಿಸಬಹುದು. ಗಾಳಿಯಲ್ಲಿ ಸಾಧ್ಯವಿಲ್ಲ. ಡೊಳ್ಳು ಬಾರಿಸುತ್ತಿರುವವನಿಗೆ ಪಕ್ಕದವನ ಪಿಸುಮಾತು ಕೇಳಿಸದು. ತನ್ನದೇ ಸಂಕೇತದ ಅಬ್ಬರದಲ್ಲಿ ಮುಳುಗಿದ ಯಂತ್ರಕ್ಕೆ ದೂರದ ಇನ್ನೊಂದು ಯಂತ್ರದ ದನಿ ತಿಳಿಯುವುದಿಲ್ಲ. ಆದಕಾರಣ ಇಲ್ಲಿ ಬೇರೊಂದು ಕಟ್ಟಳೆ ಇದೆ: ಪ್ರತಿ ಸಂದೇಶ ತಲುಪಿದೊಡನೆ ಪಡೆದವನು 'ತಲುಪಿತು' ಎಂದು ಹೇಳಲೇಬೇಕು. ಆ ರಸೀದಿ ಬಾರದಿದ್ದರೆ ಕಳುಹಿಸಿದವನು ಮತ್ತೆ ಮೊದಲಿನಿಂದ ಆರಂಭಿಸಬೇಕು.

ಈಗ ಲೆಕ್ಕ ಹಾಕಿ. 11 ಮೆಗಾಬಿಟ್ ವೇಗದಲ್ಲಿ 1,500 ಬೈಟ್‌ಗಳ ಒಂದು ಸಂದೇಶವನ್ನು ಕಳುಹಿಸಲು ಸುಮಾರು 1,100 ಮೈಕ್ರೋಸೆಕೆಂಡು ಸಾಕು. ಆದರೆ ಕಾಯುವಿಕೆ, ಚೀಟಿಯ ಸರದಿ, ಸಂದೇಶದ ಮುಂಚಿನ ಪೀಠಿಕೆ, ಹಿಂದಿನಿಂದ ಬರುವ ರಸೀದಿ ಎಲ್ಲ ಸೇರಿ ಇನ್ನೂ 800 ಮೈಕ್ರೋಸೆಕೆಂಡು ಉಪಚಾರಕ್ಕೇ ಹೋಗುತ್ತದೆ. ಆದ್ದರಿಂದಲೇ ಪೆಟ್ಟಿಗೆಯ ಮೇಲೆ 11 ಎಂದಿದ್ದರೆ ಕೈಗೆ ಸಿಗುತ್ತಿದ್ದುದು 5 ಅಥವಾ 6. 54 ಎಂದಿದ್ದ 'ಜಿ' ಮಾನಕದಲ್ಲಿ ಸಿಗುತ್ತಿದ್ದುದು 20ರಿಂದ 25. ಅಂಗಡಿಯವನು ಮೋಸ ಮಾಡಿದ್ದಲ್ಲ, ಕಂಪೆನಿ ಸುಳ್ಳು ಹೇಳಿದ್ದೂ ಅಲ್ಲ. ಪೆಟ್ಟಿಗೆಯ ಮೇಲಿನದು ಸೇತುವೆಯ ಮೇಲಿನ ವೇಗ, ನಮಗೆ ದಕ್ಕುವುದು ಸೇತುವೆಯ ಮುಂದೆ ಕಾದ ಹೊತ್ತೂ ಸೇರಿದ ಪ್ರಯಾಣ. ಇಂದಿನ ಮಾನಕಗಳಲ್ಲಿ ಅಂಕಿಗಳು ಬೆಳೆದಿವೆ, ಹಲವು ಸಂದೇಶಗಳನ್ನು ಒಟ್ಟುಗೂಡಿಸಿ ಒಂದೇ ರಸೀದಿ ಪಡೆಯುವ ಉಪಾಯ 'ಎನ್' ಮಾನಕದಿಂದೀಚೆಗೆ ಬಳಕೆಯಲ್ಲಿದೆ, ವೈ-ಫೈ 6ರಲ್ಲಿ ರೂಟರೇ ಸರದಿ ಹಂಚುವ ವ್ಯವಸ್ಥೆಯೂ ಇದೆ. ಆದರೂ ಮೊದಲು ಆಲಿಸು, ಆಮೇಲೆ ಮಾತಾಡು ಎಂಬ ಮೂಲಸೂತ್ರ ಬದಲಾಗಿಲ್ಲ.

ಇದೇ ಸೂತ್ರದಿಂದ ಹುಟ್ಟುವ ಒಂದು ವಿಚಿತ್ರವನ್ನು ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲಿ ವಿವರಿಸಿದರು. ಮನೆಯಲ್ಲಿ ನಾಲ್ಕು ವೇಗದ ಯಂತ್ರಗಳಿದ್ದು ಒಂದು ಮಾತ್ರ ದೂರದ ಕೋಣೆಯಲ್ಲಿ 1 ಮೆಗಾಬಿಟ್ ವೇಗದಲ್ಲಿ ತೆವಳುತ್ತಿದೆ ಎನ್ನೋಣ. ಸರದಿ ಎಲ್ಲರಿಗೂ ಸಮಾನವಾಗಿ ಬರುತ್ತದೆ. ಆದರೆ ತೆವಳುವ ಯಂತ್ರ ತನ್ನ ಸರದಿಯಲ್ಲಿ ಅದೇ ಸಂದೇಶ ಮುಗಿಸಲು ಹನ್ನೊಂದು ಪಟ್ಟು ಕಾಲ ತೆಗೆದುಕೊಳ್ಳುತ್ತದೆ, ಉಳಿದವರೆಲ್ಲ ಅಷ್ಟು ಹೊತ್ತು ಬಾಯಿಮುಚ್ಚಿ ನಿಲ್ಲಬೇಕು. ಒಂದು ಎತ್ತಿನಗಾಡಿ ಸೇತುವೆಗಿಳಿದರೆ ಹಿಂದಿನ ಕಾರುಗಳ ಎಂಜಿನ್ ಎಷ್ಟು ಬಲವಾಗಿದ್ದರೇನು? 'ಹೊಸ ಲ್ಯಾಪ್‌ಟಾಪ್ ತಂದರೂ ವೇಗ ಇಲ್ಲ' ಎಂದು ಗೊಣಗುವವರು ಮೂಲೆಯಲ್ಲಿರುವ ಹಳೆಯ ಪ್ರಿಂಟರನ್ನೋ ಹಿತ್ತಲಿನ ಕ್ಯಾಮರಾವನ್ನೋ ಒಮ್ಮೆ ಗಮನಿಸುವುದು ಲೇಸು.

ತೇಣಿಯ ಪಾಠ

ಈ ಅಧ್ಯಾಯಗಳ ಅರಿವು ಎಲ್ಲಿಯವರೆಗೆ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ನೆರೆಯ ತಮಿಳುನಾಡಿನ ತೇಣಿಯ ನಿದರ್ಶನ ಸಾಕು. ಅಲ್ಲಿನ ಅರವಿಂದ ಕಣ್ಣಾಸ್ಪತ್ರೆಯನ್ನು ಸುತ್ತಲಿನ ಊರುಗಳ ದೃಷ್ಟಿ ಕೇಂದ್ರಗಳೊಂದಿಗೆ ಬೆಸೆಯಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು 2000ದ ದಶಕದ ಮಧ್ಯಭಾಗದಲ್ಲಿ ಅಗ್ಗದ ವೈ-ಫೈ ಉಪಕರಣಗಳನ್ನೇ ಬಳಸಿದರು. ರೋಗಿ ತನ್ನೂರಿನಲ್ಲೇ ಕುಳಿತು ಆಸ್ಪತ್ರೆಯ ವೈದ್ಯರೊಂದಿಗೆ ವೀಡಿಯೋ ಮೂಲಕ ಮಾತಾಡಬಹುದಾದ ವ್ಯವಸ್ಥೆ ಅದು.

ಎತ್ತರದ ಕಂಬ, ದಿಕ್ಕು ಹಿಡಿದು ಕೂರಿಸಿದ ಆಂಟೆನಾ ಇದ್ದರೆ ಸಂಕೇತವೇನೋ ಕಿಲೋಮೀಟರುಗಟ್ಟಲೆ ದೂರ ತಲುಪುತ್ತದೆ. ಆದರೂ ಇಂಥ ದೂರದ ಕೊಂಡಿಗಳಲ್ಲಿ ಸಂದೇಶಗಳು ಮತ್ತೆ ಮತ್ತೆ ಬಿದ್ದುಹೋಗುತ್ತವೆ. ಕಾರಣ ಮೇಲೆ ಹೇಳಿದ ರಸೀದಿ. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ ಕ್ರಮಿಸುವುದು 300 ಮೀಟರ್. 30 ಕಿಲೋಮೀಟರ್ ದೂರಕ್ಕೆ ಹೋಗಲು 100 ಮೈಕ್ರೋಸೆಕೆಂಡು, ರಸೀದಿ ಮರಳಲು ಇನ್ನೊಂದು 100. ಮನೆಯೊಳಗಿನ ಬಳಕೆಗೆಂದು ರೂಪಿಸಿದ ಯಂತ್ರಕ್ಕೆ ಅಷ್ಟು ತಾಳ್ಮೆಯಿಲ್ಲ. ರಸೀದಿ ಇನ್ನೂ ದಾರಿಯಲ್ಲಿರುವಾಗಲೇ ಸಂದೇಶ ಕಳೆದುಹೋಯಿತೆಂದು ಬಗೆದು ಮತ್ತೊಮ್ಮೆ ಕಳುಹಿಸಲು ತೊಡಗುತ್ತದೆ. ಇನ್ನೊಂದೆಡೆ, ಎರಡೂ ತುದಿಯವರಿಗೆ ಪರಸ್ಪರರ ದನಿ ತಡವಾಗಿ ಕೇಳುವುದರಿಂದ ಮೌನವಿದೆಯೆಂದು ಭಾವಿಸಿ ಇಬ್ಬರೂ ಒಟ್ಟಿಗೆ ಮಾತಾಡಿಬಿಡುತ್ತಾರೆ.

ಮೇಲ್ನೋಟಕ್ಕೆ ಇದು ಆಂಟೆನಾ ದೋಷದಂತೆ ಕಾಣುತ್ತದೆ. ಅದನ್ನೇ ನಂಬಿದವರು ಕಂಬ ಎತ್ತರಿಸುತ್ತಾ, ಆಂಟೆನಾ ಬದಲಿಸುತ್ತಾ ಹಣ ಸುರಿಯುತ್ತಿದ್ದರು. ಸಂಶೋಧಕರು ಮಾಡಿದ್ದು ಬೇರೆ. ಯಂತ್ರಾಂಶವನ್ನು ಹಾಗೆಯೇ ಉಳಿಸಿಕೊಂಡು ತಂತ್ರಾಂಶದಲ್ಲಿ ಸರದಿಯ ಪದ್ಧತಿಯನ್ನೇ ಬದಲಿಸಿದರು. ಆಲಿಸಿ ಮಾತಾಡುವ ಬದಲು ಗಡಿಯಾರದ ಪ್ರಕಾರ ಒಮ್ಮೆ ನೀನು, ಒಮ್ಮೆ ನಾನು. ಪ್ರತಿ ಸಂದೇಶಕ್ಕೊಂದರ ಬದಲು ಗುಂಪಿಗೊಂದು ರಸೀದಿ. ಇದಕ್ಕೂ ಮುನ್ನ ಉತ್ತರ ಪ್ರದೇಶದಲ್ಲಿ ಕಾನ್ಪುರದ ಐಐಟಿಯ ಸಂಶೋಧಕರು ಗ್ರಾಮೀಣ ದೂರಜಾಲಗಳ ಪ್ರಯೋಗದಲ್ಲಿ ಇದೇ ದಿಕ್ಕಿನಲ್ಲಿ ಕೆಲಸ ಮಾಡಿದ್ದರು. ವೆನೆಜುವೆಲಾದಲ್ಲಿ 2007ರಲ್ಲಿ ಎರಡು ಬೆಟ್ಟಗಳ ನಡುವೆ 382 ಕಿಲೋಮೀಟರ್ ದೂರಕ್ಕೆ ವೈ-ಫೈ ಕೊಂಡಿ ಸಾಧಿಸಿದ ದಾಖಲೆಯೂ ಆಂಟೆನಾದ ಜತೆಗೆ ಈ ಕಾಲಲೆಕ್ಕದ ತಿದ್ದುಪಡಿಯನ್ನು ಅವಲಂಬಿಸಿತ್ತು.

ಡೆಸಿಬೆಲ್ ಎಂಬ ಕಬ್ಬಿಣದ ಕಡಲೆ

ಬಹುತೇಕ ಓದುಗರು ಹಾರಿಸಿ ಮುಂದೆ ಹೋಗುವುದು ಡೆಸಿಬೆಲ್ ಅಧ್ಯಾಯವನ್ನು. ಈ ವರದಿಗಾರ ಪತ್ರಿಕೋದ್ಯಮ ಓದಿದವನೇ ಹೊರತು ಎಂಜಿನಿಯರ್ ಅಲ್ಲ. ಅಂಥವನಿಗೂ ಅರ್ಥವಾಗುವಷ್ಟು ಸುಲಭ ಅದು. ಎರಡು ಸೂತ್ರ ನೆನಪಿದ್ದರೆ ಸಾಕು: 3 ಡೆಸಿಬೆಲ್ ಕಡಿಮೆಯಾದರೆ ಶಕ್ತಿ ಅರ್ಧ, 10 ಕಡಿಮೆಯಾದರೆ ಹತ್ತರಲ್ಲೊಂದು ಪಾಲು. ರೂಟರ್ 100 ಮಿಲಿವ್ಯಾಟ್ ಶಕ್ತಿ ಹೊಮ್ಮಿಸಿದರೆ ಅದನ್ನು 20 ಎಂದು ಬರೆಯುತ್ತಾರೆ. ಪಕ್ಕದ ಕೋಣೆಯ ಫೋನಿನಲ್ಲಿ ಮೈನಸ್ 70 ಎಂದು ತೋರಿಸಿದರೆ ನಡುವೆ 90 ಡೆಸಿಬೆಲ್ ನಷ್ಟವಾಗಿದೆ. ಅಂದರೆ ಹೊರಟ ಶಕ್ತಿಯ ನೂರು ಕೋಟಿಯಲ್ಲಿ ಒಂದು ಪಾಲು ಮಾತ್ರ ತಲುಪಿದೆ. ಆದರೂ ಹಾಡು ಕೇಳುತ್ತದೆ, ಚಿತ್ರ ಕಾಣುತ್ತದೆ!

ಅಮೆರಿಕದ ಪುಸ್ತಕಗಳನ್ನು ಎಚ್ಚರಿಕೆಯಿಂದ ಓದಬೇಕಾದದ್ದು ಇಲ್ಲಿ. ಅವುಗಳ ಉದಾಹರಣೆಗಳಲ್ಲಿ ಬರುವುದು ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದ ಗೋಡೆ. ಅಲೆಯು ಅದನ್ನು ದಾಟಲು ಕಳೆದುಕೊಳ್ಳುವುದು ಸಾಮಾನ್ಯವಾಗಿ 3ರಿಂದ 4 ಡೆಸಿಬೆಲ್. ಕಾಂಕ್ರೀಟ್ ಗೋಡೆಯಾದರೆ 10ರಿಂದ 15, ಕೆಲವೊಮ್ಮೆ ಇನ್ನೂ ಹೆಚ್ಚು. ಬೆಂಗಳೂರಿನ ಇಟ್ಟಿಗೆ ಗೋಡೆ, ಆರ್‌ಸಿಸಿ ಛಾವಣಿಯ ಮನೆಗಾಗಲೀ ಕರಾವಳಿಯ ಮುರಕಲ್ಲಿನ ದಪ್ಪ ಗೋಡೆಯ ಮನೆಗಾಗಲೀ ಆ ಕೋಷ್ಟಕ ಒಗ್ಗುವುದಿಲ್ಲ. ಅಲ್ಲಿ ಇಡೀ ಮನೆಗೆ ಒಂದೇ ರೂಟರ್ ಸಾಕು ಎಂದು ಬರೆದಿದ್ದರೆ ಇಲ್ಲಿ ಎರಡು ಬೇಕಾಗಬಹುದು. ಅದರ ಮೇಲೆ ನಮ್ಮ ಜನ ರೂಟರನ್ನು ಟಿ.ವಿ. ಹಿಂದಿನ ಷೋಕೇಸಿನೊಳಗೋ ಉಕ್ಕಿನ ಬೀರುವಿನ ಪಕ್ಕದಲ್ಲೋ ಇಡುತ್ತಾರೆ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ನುಂಗುತ್ತದೆ. ಮಲೆನಾಡಿನಲ್ಲಿ ಬೇಸಿಗೆಯಲ್ಲಿ ಸರಾಗವಾಗಿದ್ದ ಹೊರಾಂಗಣದ ಕೊಂಡಿ ಮಳೆಗಾಲದ ಒದ್ದೆ ಎಲೆಗಳ ನಡುವೆ ಸೊರಗುವುದಕ್ಕೂ ಇದೇ ಕಾರಣ.

ಚಾನೆಲ್ ವಿಚಾರವನ್ನು ಬೇಗ ಮುಗಿಸಬಹುದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲುಗಳ ಕೇಂದ್ರಗಳು 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಆದರೆ ಒಂದೊಂದು ಚಾನೆಲ್ ಹರಡಿಕೊಳ್ಳುವುದು ಸುಮಾರು 20 ಮೆಗಾಹರ್ಟ್ಸ್. ಹೀಗಾಗಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6 ಮತ್ತು 11 ಮಾತ್ರ. ಅಪಾರ್ಟ್‌ಮೆಂಟಿನಲ್ಲಿ ನೆರೆಯವರೆಲ್ಲ 1, 6, 11ರಲ್ಲಿ ಇರುವಾಗ ತಾನು ಜಾಣನೆಂದು 3 ಅಥವಾ 4ನ್ನು ಆರಿಸಿಕೊಂಡವನು ಎರಡು ಗುಂಪುಗಳಿಗೂ ಕಿರಿಕಿರಿ ಮಾಡುತ್ತಾನೆ, ತಾನೂ ನೆಮ್ಮದಿಯಾಗಿರುವುದಿಲ್ಲ. ಒಂದೇ ಚಾನೆಲಿನಲ್ಲಿದ್ದರೆ ಸರದಿಯಾದರೂ ಸಿಗುತ್ತದೆ. ಅರ್ಧಂಬರ್ಧ ಮೇಲೆ ಬಿದ್ದ ಚಾನೆಲಿನಲ್ಲಿ ಸಿಗುವುದು ಬರೀ ಗದ್ದಲ.

ಹರಿದು ಪಕ್ಕಕ್ಕಿಡಬೇಕಾದ ಪುಟಗಳು

ಗ್ಯಾಸ್ಟ್ ಪುಸ್ತಕದ ಎರಡೂ ಮುದ್ರಣಗಳಲ್ಲಿ 5ನೇ ಅಧ್ಯಾಯ 'ವೆಪ್' ಎಂಬ ಭದ್ರತಾ ವಿಧಾನದ ಕುರಿತದ್ದು. 1997ರ ಮೂಲ ಮಾನಕದಲ್ಲಿದ್ದ ಬೀಗ ಇದು. ಪ್ರತಿ ಸಂದೇಶದ ಗೂಢಲಿಪಿಗೂ ಬೇರೆ ಬೇರೆ ಸಂಖ್ಯೆಯನ್ನು ಬೆರೆಸುವ ಏರ್ಪಾಡು ಅದರಲ್ಲಿದ್ದರೂ ಆ ಸಂಖ್ಯೆಗೆ ಕೊಟ್ಟದ್ದು 24 ಬಿಟ್ ಮಾತ್ರ. ಅಂದರೆ 1.67 ಕೋಟಿಯಷ್ಟು ಭಿನ್ನ ಸಂಖ್ಯೆಗಳು. ದೊಡ್ಡದೆಂದು ತೋರುತ್ತದೆ, ಆದರೆ ಬಿಡುವಿಲ್ಲದ 11 ಮೆಗಾಬಿಟ್ ಜಾಲದಲ್ಲಿ ಅಷ್ಟೂ ಐದಾರು ಗಂಟೆಗಳಲ್ಲಿ ಮುಗಿದು ಪುನರಾವರ್ತನೆ ಶುರುವಾಗುತ್ತದೆ. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಎಂಬ ಮೂವರು ಗೂಢಲಿಪಿ ತಜ್ಞರು ಇನ್ನೂ ಆಳದ ದೌರ್ಬಲ್ಯವನ್ನು ತೋರಿಸಿಕೊಟ್ಟರು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು ಒಂದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಈ ಬೀಗ ಮುರಿಯಬಹುದೆಂದು ನಿರೂಪಿಸಿದರು. ಅದೇ ವರ್ಷ ಬಯಲಾದ ಅಮೆರಿಕದ ಟಿಜೆಎಕ್ಸ್ ಮಳಿಗೆ ಸಮೂಹದ ಪ್ರಕರಣದಲ್ಲಿ 4.5 ಕೋಟಿಗೂ ಹೆಚ್ಚು ಪಾವತಿ ಕಾರ್ಡುಗಳ ವಿವರ ಕಳುವಾಗಿತ್ತು. ಮಳಿಗೆಗಳಲ್ಲಿ ವೆಪ್ ಬಳಕೆಯನ್ನೇ ಮುಂದುವರಿಸಿದ್ದುದು ತನಿಖೆಯಲ್ಲಿ ಎದ್ದು ಕಂಡ ಲೋಪ.

ಗ್ಯಾಸ್ಟ್ ಈ ಬಗ್ಗೆ ಓದುಗರನ್ನು ಎಚ್ಚರಿಸದೆ ಇಲ್ಲ. ತೊಂದರೆ ಇರುವುದು ಅದೇ ಕಾಲದ ಇನ್ನಿತರ ಸಣ್ಣ ಪುಸ್ತಕಗಳಲ್ಲಿ. ವೆಪ್ ಚಾಲೂ ಮಾಡಿ, ಜಾಲದ ಹೆಸರನ್ನು ಮರೆಮಾಡಿ, ಯಂತ್ರಗಳ ಮ್ಯಾಕ್ ವಿಳಾಸದ ಪಟ್ಟಿ ಮಾಡಿ, ಅಲ್ಲಿಗೆ ಸುರಕ್ಷಿತ ಎಂಬ ಮೂರು ಮಂತ್ರಗಳನ್ನು ಅವು ಸಾರಿದವು. ಮೂರೂ ಇಂದು ನಿಷ್ಪ್ರಯೋಜಕ. ಮರೆಮಾಡಿದ ಹೆಸರನ್ನು ಸಂಪರ್ಕಿಸುವ ಫೋನೇ ಗಾಳಿಯಲ್ಲಿ ಕೂಗಿ ಹೇಳುತ್ತದೆ. ಮ್ಯಾಕ್ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಮೇಲಾಗಿ ಈಗಿನ ಫೋನುಗಳು ತಾವಾಗಿಯೇ ಬೇರೆ ಬೇರೆ ವಿಳಾಸ ತೋರಿಸುವುದರಿಂದ ಆ ಪಟ್ಟಿ ಮನೆಯವರನ್ನೇ ಹೊರಗೆ ನಿಲ್ಲಿಸುತ್ತದೆ.

2003ರಲ್ಲಿ ತಾತ್ಕಾಲಿಕ ಪರಿಹಾರವಾಗಿ ಡಬ್ಲ್ಯುಪಿಎ, 2004ರಲ್ಲಿ ಸಮರ್ಪಕವಾದ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು. ನಡುವೆ ಎರಡು ಆಘಾತಗಳಾದವು. ಗುಂಡಿ ಒತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಜೋಡಿಸುವ ಡಬ್ಲ್ಯುಪಿಎಸ್ ಸೌಕರ್ಯದಲ್ಲಿ ಪಿನ್ ಊಹಿಸಲು ಗರಿಷ್ಠ 11 ಸಾವಿರ ಯತ್ನ ಸಾಕೆಂದು 2011ರ ಡಿಸೆಂಬರಿನಲ್ಲಿ ಬಯಲಾಯಿತು. 2017ರಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವ್ಯಾನ್‌ಹೂಫ್ ಡಬ್ಲ್ಯುಪಿಎ2ರ ಕೈಕುಲುಕು ವಿಧಿಯಲ್ಲೇ ದೋಷ ಕಂಡುಹಿಡಿದರು. ತಂತ್ರಾಂಶ ಪರಿಷ್ಕರಣೆಯಿಂದ ಅದನ್ನು ಸರಿಪಡಿಸಲಾಯಿತು, ಆದರೆ ಪರಿಷ್ಕರಿಸಿಕೊಂಡವರಿಗೆ ಮಾತ್ರ. 2011ಕ್ಕೆ ಮೊದಲಿನ ಪುಸ್ತಕ ಪಿನ್ ಸೌಕರ್ಯವನ್ನು ಹೊಗಳಿದ್ದರೆ ಅಚ್ಚರಿಪಡಬೇಕಿಲ್ಲ, ಪಾಲಿಸಲೂಬಾರದು.

ಪುಸ್ತಕಗಳಲ್ಲಿರದ, ನಮ್ಮ ಬಡಾವಣೆಗಳಲ್ಲಿ ಮಾತ್ರ ಕಾಣುವ ಅಭ್ಯಾಸವೊಂದಿದೆ: ಸಂಪರ್ಕ ಕೊಡಲು ಬಂದ ಹುಡುಗ ಗ್ರಾಹಕರ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿಹೋಗುವುದು. ನೆನಪಿಡಲು ಸುಲಭ ಎಂಬುದು ಸಮಜಾಯಿಷಿ. ಲೆಕ್ಕ ನೋಡಿ. ನಮ್ಮ ಮೊಬೈಲ್ ಸಂಖ್ಯೆಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಗಳು, ಒಟ್ಟು 400 ಕೋಟಿ ಸಾಧ್ಯತೆ. ಡಬ್ಲ್ಯುಪಿಎ2 ಜಾಲಕ್ಕೆ ಫೋನೊಂದು ಸೇರಿಕೊಳ್ಳುವ ಕ್ಷಣದ ಸಂಕೇತಗಳನ್ನು ಹಿಡಿದಿಟ್ಟುಕೊಂಡವನು ಆಮೇಲೆ ತನ್ನ ಮನೆಯಲ್ಲಿ ಕುಳಿತು ಊಹೆಗಳನ್ನು ಪರೀಕ್ಷಿಸಬಹುದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹಲವು ಲಕ್ಷ ಊಹೆ ಮಾಡಬಲ್ಲದು. 400 ಕೋಟಿ ಮುಗಿಸಲು ಕೆಲವು ಗಂಟೆಗಳು ಸಾಕು. ನಂಟರಿಗೆಲ್ಲ ಗೊತ್ತಿರುವ ಸಂಖ್ಯೆಯಾದರೆ ಅದೂ ಬೇಕಿಲ್ಲ. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಕೂಡಿಸಿದ ಉದ್ದನೆಯ ಪಾಸ್‌ವರ್ಡ್ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಅಡುಗೆಮನೆಯ ಸಾಮಾನು, ಊರಿನ ಹಳ್ಳ, ಬಾಲ್ಯದ ಆಟ ಎಂದು ಕನ್ನಡದ ಪದಗಳನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರಾಯಿತು.

ಪರದೇಶದ ಪುಸ್ತಕಗಳ ಕಾನೂನು ಅಧ್ಯಾಯವೂ ನಮಗೆ ಒದಗುವುದಿಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಅನುವು ಮಾಡಿದ ಅಧಿಸೂಚನೆ ಹೊರಬಿದ್ದದ್ದು 2005ರ ಜನವರಿಯಲ್ಲಿ. ಪ್ರೇಷಕದ ಶಕ್ತಿ ಗರಿಷ್ಠ 1 ವ್ಯಾಟ್, ಆಂಟೆನಾದ ಬಲವೂ ಸೇರಿ 4 ವ್ಯಾಟ್ ಎಂಬುದು ಮಿತಿ. 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗ ಹೊರಾಂಗಣದಲ್ಲಿ ಮುಕ್ತವಾದದ್ದು 2018ರ ಅಕ್ಟೋಬರಿನಲ್ಲಿ. ಅಮೆರಿಕದ ಕೋಷ್ಟಕ ನೋಡಿ ತಾರಸಿಯ ಮೇಲೆ ಉಪಕರಣ ನಿಲ್ಲಿಸುವವರು ಮೊದಲು ನಮ್ಮ ಅಧಿಸೂಚನೆಗಳನ್ನು ಓದಿಕೊಳ್ಳಬೇಕು.

ಓದಿನ ಕ್ರಮ

ಯಾವುದರಿಂದ ಆರಂಭಿಸಬೇಕು? ಕಂಪ್ಯೂಟರ್ ಜಾಲದ ಗಂಧವೇ ಇಲ್ಲದವರಿಗೆ ಬೆಹ್ರೂಜ್ ಫೊರೌಜಾನ್ ಅವರ 'ಡೇಟಾ ಕಮ್ಯುನಿಕೇಷನ್ಸ್ ಅಂಡ್ ನೆಟ್‌ವರ್ಕಿಂಗ್' ಸುಲಭ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಪರಿಚಿತ ಪಠ್ಯವಾದ್ದರಿಂದ ಹಳೆ ಪ್ರತಿಗಳೂ ಧಾರಾಳ. ನಿಸ್ತಂತು ಜಾಲಗಳಿಗೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ಆಮೇಲೆ ಗ್ಯಾಸ್ಟ್, ಸಾಧ್ಯವಾದರೆ ಎರಡನೆಯ ಮುದ್ರಣ. ಅವರೇ 2012ರಲ್ಲಿ 'ಎನ್' ಮತ್ತು 2013ರಲ್ಲಿ 'ಎಸಿ' ಮಾನಕಗಳ ಮೇಲೆ ಬರೆದ ತೆಳ್ಳನೆಯ ಪುಸ್ತಕಗಳು ಹಳೆಯದಕ್ಕೂ ಹೊಸದಕ್ಕೂ ಸೇತುವೆಯಾಗುತ್ತವೆ. ಉದ್ಯೋಗ ಬಯಸುವವರು ಡೇವಿಡ್ ಕೋಲ್ಮನ್ ಮತ್ತು ಡೇವಿಡ್ ವೆಸ್ಟ್‌ಕಾಟ್ ಅವರ ಸಿಡಬ್ಲ್ಯುಎನ್‌ಎ ಪರೀಕ್ಷಾ ಮಾರ್ಗದರ್ಶಿಯನ್ನು ಹಿಡಿಯುತ್ತಾರೆ. ಅದನ್ನು ಮಾತ್ರ ಹಳೆಯದಾಗಿ ಕೊಳ್ಳಬಾರದು, ಪರೀಕ್ಷೆ ಬದಲಾದಂತೆ ಪುಸ್ತಕವೂ ಬದಲಾಗುತ್ತದೆ. ಐಇಇಇ ಮಾನಕವನ್ನೇ ಓದುತ್ತೇನೆ ಎನ್ನುವ ಧೈರ್ಯವಂತರಿಗೆ, ಪ್ರಕಟವಾಗಿ ಆರು ತಿಂಗಳಾದ ಮೇಲೆ ಅದನ್ನು ಉಚಿತವಾಗಿ ಪಡೆಯುವ ಅವಕಾಶವನ್ನು ಆ ಸಂಸ್ಥೆ ಕಲ್ಪಿಸಿದೆ. 2020ರ ಸಂಪುಟ 4 ಸಾವಿರ ಪುಟಗಳನ್ನೂ ಮೀರಿದೆ. ಅದು ಓದುವ ಪುಸ್ತಕವಲ್ಲ, ಸಂದೇಹ ಬಂದಾಗ ತೆರೆಯುವ ನಿಘಂಟು.

ಓದಿದ್ದನ್ನು ಕಣ್ಣಾರೆ ಕಾಣಲು ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವಿದೆ. ರೂಟರೊಂದು ಸೆಕೆಂಡಿಗೆ ಸುಮಾರು ಹತ್ತು ಬಾರಿ 'ನಾನಿಲ್ಲಿದ್ದೇನೆ' ಎಂದು ಸಾರುವ ಸಂದೇಶವನ್ನು ಅದರಲ್ಲಿ ನೋಡಿದ ಮೇಲೆ 4ನೇ ಅಧ್ಯಾಯದ ಒಣ ಚಿತ್ರಗಳಿಗೆ ಜೀವ ಬರುತ್ತದೆ. ಪ್ರಯೋಗ ಸ್ವಂತ ಜಾಲದ ಮೇಲೆ ಮಾತ್ರ ನಡೆಯಲಿ. ಅನ್ಯರ ಜಾಲಕ್ಕೆ ಅನುಮತಿಯಿಲ್ಲದೆ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಡಿ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಇವೆಲ್ಲ ಇಂಗ್ಲಿಷಿನಲ್ಲಿವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಮನೆಮನೆಗೆ ಹೋಗಿ ಸಂಪರ್ಕ ಕೊಡುವ ಯುವಕರಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿ ಐಟಿಐ ಅಥವಾ ಡಿಪ್ಲೊಮಾ ಮುಗಿಸಿದವರು. ಅವರ ಕೈಗೆ ಕೊಡಬಹುದಾದ ಕನ್ನಡ ಪುಸ್ತಕಗಳು ವಿರಳ. ದಾರಿ ಮುಚ್ಚಿಲ್ಲ ಎಂಬುದಷ್ಟೇ ಸಮಾಧಾನ. ಅಭಿವೃದ್ಧಿಶೀಲ ದೇಶಗಳಿಗೆಂದೇ ಹಲವು ದೇಶಗಳ ತಜ್ಞರು ಕೂಡಿ ಬರೆದ 'ವೈರ್‌ಲೆಸ್ ನೆಟ್‌ವರ್ಕಿಂಗ್ ಇನ್ ದಿ ಡೆವಲಪಿಂಗ್ ವರ್ಲ್ಡ್' ಎಂಬ ಗ್ರಂಥ 2006ರಲ್ಲಿ ಹೊರಬಂತು, ಮೂರನೆಯ ಮುದ್ರಣ 2013ರಲ್ಲಿ ಬಂತು. ವಿದ್ಯುತ್ ಕೈಕೊಡುವ ಊರು, ಸೌರಫಲಕ, ಸಿಡಿಲು, ಸ್ಥಳೀಯವಾಗಿ ತಯಾರಿಸಿದ ಆಂಟೆನಾ ಎಲ್ಲವೂ ಅದರಲ್ಲಿವೆ. ಅದನ್ನು ಅಂತರಜಾಲದಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಸ್ಪ್ಯಾನಿಷ್, ಫ್ರೆಂಚ್, ಅರೇಬಿಕ್ ಮುಂತಾದ ಭಾಷೆಗಳಿಗೆ ಅನುವಾದವಾಗಿರುವ ಆ ಪುಸ್ತಕದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಪ್ರಕಾರ, ಮೂಲವನ್ನು ಸ್ಮರಿಸಿ ಅದೇ ಷರತ್ತಿನಡಿ ಹಂಚುವುದಾದರೆ ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಭದ್ರತೆಯ ಅಧ್ಯಾಯವನ್ನು ಮಾತ್ರ ಅನುವಾದಕರು ಹೊಸದಾಗಿ ಬರೆಯಬೇಕಾದೀತು.